ಮೆದಾನ್‌ನಿಂದ ಮೆರೌಕೆಗೆ ಒಂದು ಹಂದಿತಲೆ

ಪಂಗುರುರಾನ್, ಸಮೋಸಿರ್ ದ್ವೀಪ
3 ಮಾರ್ಚ್ 1993

ಮೆರೌಕೆ ಪಟ್ಟಣದ ಸಕಲ ಪಂಕ್ಚರ್ ಗಾಲಿಗಳ ಪ್ರಾಣದಾತರೂ, ಲಾರಿ ಟ್ಯೂಬುಗಳ ಏಕೈಕ ಶಸ್ತ್ರವೈದ್ಯರೂ, ಸಿತಂಗಾಂಗ್ ಕುಲದ ಆರದ ದೀಪವೂ, ನನ್ನ ತಾಯಿಯ ಒಬ್ಬನೇ ಒಬ್ಬ ತಮ್ಮನೂ ಆದ ಶ್ರೀಮನ್ಮಹಾ ಹುಮಾಲಾ ಮಾವನವರ ಗ್ರೀಸು ಮೆತ್ತಿದ ಪಾದಗಳಿಗೆ, ಯಾವ ಪರೀಕ್ಷೆಯನ್ನೂ ಮೊದಲ ಸಲಕ್ಕೆ ಪಾಸು ಮಾಡದ ಅಳಿಯ ಜೊಂಗಿ ನೈಬಾಹೊ ಮಾಡುವ ಅಡ್ಡಬೀಳುವಿಕೆ.

ಅಣ್ಣ ತುಂಪಾಲನ ಮದುವೆಯ ಕರೆಯೋಲೆಗೆ ತಾವು ಉತ್ತರವಾಗಿ ಕಳಿಸಿದ ರಾಜಾಜ್ಞೆ ಕೈಸೇರಿತು. 'ವಿಮಾನ ದೂರ. ಬರೋಲ್ಲ.' ಎಣಿಸಿದರೆ ಮೂರೇ ಶಬ್ದ. ಅಮ್ಮ ಓದಿ ಅಡುಗೆಮನೆಗೆ ಹೋದವಳು ಈರುಳ್ಳಿ ಹೆಚ್ಚದೆಯೇ ಕಣ್ಣು ಒರೆಸಿಕೊಂಡಳು. ಅಪ್ಪ ಕುರ್ಚಿಯಿಂದಲೇ ಕೂಗಿದರು: "ದೂರ ಅಂದ್ರೆ ಎಷ್ಟಂತೆ? ಲೇ ಜೊಂಗಿ, ಲೆಕ್ಕ ಹಾಕಿ ಬರಿ ಅವನಿಗೆ!"

ಆದ್ದರಿಂದ ಬರೆಯುತ್ತಿದ್ದೇನೆ. ಶಾಲೆಯ ಭೂಪಟ ತಂದು, ಅಮ್ಮನ ಹೊಲಿಗೆ ದಾರ ಹಿಡಿದು ಅಳೆದೆ. ಮೆದಾನ್ ವಿಮಾನ ನಿಲ್ದಾಣದಿಂದ ಮೆರೌಕೆ ವಿಮಾನ ನಿಲ್ದಾಣಕ್ಕೆ, ಹಕ್ಕಿ ಹಾರುವ ನೇರಕ್ಕೆ, ನಾಲ್ಕು ಸಾವಿರದ ಎಂಟುನೂರು ಕಿಲೋಮೀಟರು. ಸುಲಾವೆಸಿಯ ಮೇಲೆ ಯಾವ ಕಾಲದ್ದೋ ಜಿರಳೆಯೊಂದು ಚಪ್ಪಟೆಯಾಗಿ ಅಂಟಿತ್ತು. ದಾರವನ್ನು ಅದರ ಮೇಲೆಯೇ ಹಾಯಿಸಿದೆ, ಲೆಕ್ಕ ತಪ್ಪಬಾರದಲ್ಲ.

ಇನ್ನು ಹೊತ್ತು. ಟಿಕೆಟ್ ಅಂಗಡಿಯ ಗೋಡೆಯ ವೇಳಾಪಟ್ಟಿಯನ್ನು ಇಳಿಸಿಕೊಂಡು ಬಂದಿದ್ದೇನೆ. ಮೆರೌಕೆಯಲ್ಲಿ ಬೆಳಿಗ್ಗೆ ಆರೂವರೆಗೆ ಹತ್ತಿದರೆ, ಅಲ್ಲಲ್ಲಿ ಇಳಿದು ಹತ್ತಿ, ಅದೇ ದಿನ ಸಂಜೆ ಏಳೂವರೆಗೆ ಮೆದಾನ್. ಹದಿಮೂರೇ ಗಂಟೆ! ಅದರಲ್ಲಿ ಆರು ಗಂಟೆ ನಿಲ್ದಾಣದ ಕುರ್ಚಿ. ಆಕಾಶದಲ್ಲಿ ಏಳೇ ಏಳು ಗಂಟೆ. ತಾವು ಭಾನುವಾರ ಮಧ್ಯಾಹ್ನ ಊಟ ಮಾಡಿ ಮಲಗಿದರೆ ಏಳುವುದಕ್ಕೆ ಇಷ್ಟೇ ಹೊತ್ತು ಬೇಕು ಎಂದು ಅಮ್ಮ ಹೇಳಿದಳು.

ಹುಡುಗಾಟ ಬಿಟ್ಟು ಒಂದು ಮಾತು. ಮೇ 22ಕ್ಕೆ ಮದುವೆ. ಹುಡುಗಿ ಲಂಬೋಕಳ ಅಪ್ಪ ಸಿಲಲಾಹಿ ಯಜಮಾನರು ಮೊನ್ನೆ ಮನೆಗೆ ಬಂದು, "ಹುಡುಗನ ಸೋದರಮಾವ ಬಂದು ಹರಸಿ ಉಲೋಸ್ ಶಾಲು ಹೊದಿಸಬೇಕು. ಮಾವ ಇಲ್ಲದ ಚಪ್ಪರಕ್ಕೆ ನನ್ನ ಮಗಳು ಕಾಲಿಡೋಲ್ಲ" ಎಂದು ಕಡ್ಡಿ ಮುರಿದ ಹಾಗೆ ಹೇಳಿ, ಒಂದು ತಟ್ಟೆ ಕೇಕು ತಿಂದು ಹೋದರು. ಅಣ್ಣ ಅವತ್ತಿನಿಂದ ಅನ್ನ ಬಿಟ್ಟಿದ್ದಾನೆ. ಅವನ ಪಾಲನ್ನು ನಾನು ತಿನ್ನುತ್ತಿದ್ದೇನೆ.

ತಮ್ಮ ಬರವನ್ನು ಕಾಯುವ,
ಜೊಂಗಿ


ಮೆರೌಕೆ
16 ಮಾರ್ಚ್ 1993

ಅಳಿಯ ಜೊಂಗಿ,

ನಿನ್ನ ದಾರ, ನಿನ್ನ ಜಿರಳೆ ಎರಡನ್ನೂ ಒಲೆಗೆ ಹಾಕು. ಹದಿಮೂರು ಗಂಟೆಯಂತೆ! ನಾನು ಕೂತು ಬಂದವನು ಕಣೋ. ಎಂಬತ್ತೇಳರಲ್ಲಿ ನನ್ನ ಅವ್ವ, ನಿನ್ನ ಅಜ್ಜಿ, ತೀರಿಕೊಂಡಾಗ ಬಂದೆ. ಕೈಗಡಿಯಾರ ನೋಡುತ್ತಲೇ ಕೂತಿದ್ದೆ, ಬೇರೆ ನೋಡುವುದಕ್ಕೆ ಏನಿತ್ತು? ಹದಿನೈದು ಗಂಟೆ. ಒಂದು ನಿಮಿಷ ಕಡಿಮೆ ಇಲ್ಲ.

ಆ ಹದಿನೈದು ಗಂಟೆ ಹೇಗಿತ್ತು ಅಂತ ಕೇಳು. ನನ್ನ ಎಡಗಡೆ ಕೂತವನು ಬೂಟು ಬಿಚ್ಚಿ, ಕಾಲ ಮೇಲೆ ಕಾಲು ಹಾಕಿ, ಉಗುರು ಕತ್ತರಿಸಲು ಶುರು ಮಾಡಿದ. ಒಂದು ಚೂರು ಹಾರಿ ನನ್ನ ಕಾಫಿಯಲ್ಲಿ ಬಿತ್ತು. ಅವನು "ಕ್ಷಮಿಸಿ" ಅಂದು ಬೆರಳು ಅದ್ದಿ ತೆಗೆದುಕೊಟ್ಟ! ಬಲಗಡೆ ಹೆಂಗಸಿನ ಮಗು ನನ್ನ ಹ್ಯಾಟಿನೊಳಗೆ ವಾಂತಿ ಮಾಡಿತು. ಅವಳು ಹ್ಯಾಟನ್ನು ಮಡಿಸಿ, ಏನೂ ಆಗದ ಹಾಗೆ ನನ್ನ ಮಡಿಲಲ್ಲಿ ಇಟ್ಟಳು. ಕಕ್ಕಸಿಗೆ ಹೋದರೆ ನೆಲದಲ್ಲಿ ಮೊಣಕಾಲಿನವರೆಗೆ ಅಲ್ಲದಿದ್ದರೂ ಗಿಣ್ಣಿನವರೆಗೆ ನೀರು. ಅದು ನೀರು ಅಂತ ನಾನು ನಂಬಿಕೊಂಡೆ, ನಂಬದೆ ಬದುಕುವ ಹಾಗಿರಲಿಲ್ಲ. ಕೊಟ್ಟ ಡಬ್ಬಿಯಲ್ಲಿ ಬೆವೆತ ಮೊಟ್ಟೆ, ಪಕ್ಕದಲ್ಲಿ ಸೋಪಿನ ಹಾಗೆ ನೊರೆ ಬರುವ ಹಳದಿ ಕೇಕು. ಬಿಯಾಕ್‌ನಲ್ಲಿ ಹತ್ತಿದ ಮುದುಕ ಅಡಿಕೆ ಜಗಿದು ಜಗಿದು ಕಾಗದದ ಚೀಲಕ್ಕೆ ಉಗಿದ. ಆ ಚೀಲದ ತಳ ಒದ್ದೆಯಾಗಿ ಹರಿಯಿತು. ಎಲ್ಲಿಗೆ ಹರಿಯಿತು ಅಂತ ಬರೆಯೋಲ್ಲ.

ಊರಿಗೆ ಬಂದು ಇಳಿದರೆ ನೀನು, ಆಗ ಹದಿಮೂರರ ಕೋತಿ, ಹೆಣದ ಮನೆ ಬಾಗಿಲಲ್ಲೇ ನನ್ನ ಷರಟು ಮೂಸಿ "ಮಾವ ಹುಳಿ ವಾಸನೆ!" ಅಂತ ಕಿರುಚಿದೆ. ಅಳುತ್ತಿದ್ದವರೆಲ್ಲ ತಿರುಗಿ ನೋಡಿದರು.

ಥೂ. ಇನ್ನೊಮ್ಮೆ ನನ್ನಿಂದ ಆಗೋಲ್ಲ. ಮದುವೆ ಮಾಡಿಕೊಳ್ಳಿ. ನನ್ನ ಅಂಗಡಿ ನನಗೆ ಸಾಕು. ಇಲ್ಲಿ ರಬ್ಬರು ಸುಟ್ಟ ವಾಸನೆ ಒಂದೇ, ಅದು ನನ್ನದೇ.

ನಿನ್ನ ಅಮ್ಮನಿಗೆ ಸೊಂಟನೋವು ಹೇಗಿದೆ ಅಂತ ಬರಿ.

ಹುಮಾಲಾ ಸಿತಂಗಾಂಗ್


ಪಂಗುರುರಾನ್
28 ಮಾರ್ಚ್ 1993

ಗಗನಯಾತ್ರೆಯಲ್ಲಿ ನೊಂದ, ಬೆಂದ, ಒದ್ದೆಯಾದ ಮಹಾಪುರುಷರಾದ ಮಾವನವರಿಗೆ,

ತಮ್ಮ ಪತ್ರವನ್ನು ಊಟದ ಹೊತ್ತಿಗೆ ಜೋರಾಗಿ ಓದಿದೆ. ಅಕ್ಕಪಕ್ಕದವರೂ ಸೇರಿ ಆರು ಜನ ತಟ್ಟೆ ತಳ್ಳಿ ಎದ್ದರು. ಅಣ್ಣ ಮಾತ್ರ ಎರಡು ವಾರದಲ್ಲಿ ಮೊದಲ ಸಲ ನಕ್ಕ.

ತಮ್ಮ ಎಲ್ಲ ಕಷ್ಟಕ್ಕೂ ಪರಿಹಾರ ಯೋಚಿಸಿದ್ದೇನೆ. ಕಿಟಕಿ ಪಕ್ಕದ ಸೀಟು ಕೇಳಿ, ಒಂದು ಕಡೆಯ ಶತ್ರು ಕಡಿಮೆಯಾಗುತ್ತಾನೆ. ಹ್ಯಾಟು ಬೇಡ. ರಬ್ಬರ್ ಬೂಟು ಹಾಕಿಕೊಳ್ಳಿ. ಮೂಗಿಗೆ ಟ್ಯೂಬಿನ ತುಂಡು ಸಿಕ್ಕಿಸಿಕೊಳ್ಳಿ, ತಮ್ಮ ಅಂಗಡಿಯಲ್ಲಿ ಅದಕ್ಕೇನು ಬರವೇ?

ಆದರೆ ಹದಿನೈದು ಗಂಟೆ ಎಂಬ ತಮ್ಮ ವಾದವನ್ನು ವಿಜ್ಞಾನದ ಹೆಸರಿನಲ್ಲಿ ಖಂಡಿಸುತ್ತೇನೆ. ಸಂಜೆ ಏಳೂವರೆಯಲ್ಲಿ ಬೆಳಗಿನ ಆರೂವರೆ ಕಳೆಯಲು ನನಗೂ ಬರುತ್ತದೆ, ಅಷ್ಟಕ್ಕೆ ಮೇಷ್ಟ್ರು ಬೇಡ. ತಮ್ಮ ಗಡಿಯಾರವೇ ಎರಡು ಗಂಟೆ ಮುಂದೆ ಓಡುತ್ತಿರಬೇಕು. ಗಾಲಿ ರಿಪೇರಿ ಮಾಡುವವರು ಗಡಿಯಾರ ಬಿಚ್ಚಬಾರದು.

ಮಾವ, ನಿಜ ಹೇಳುತ್ತೇನೆ. ಪರಿಸ್ಥಿತಿ ಕೆಟ್ಟಿದೆ. ಸಿಲಲಾಹಿ ಯಜಮಾನರು ನಿನ್ನೆ ಚರ್ಚಿನ ಅಂಗಳದಲ್ಲಿ ಎಲ್ಲರ ಎದುರು ಅಪ್ಪನನ್ನು, "ಏನಪ್ಪಾ, ನಿಮ್ಮ ಹುಡುಗನಿಗೆ ಮಾವ ಇದ್ದಾರೋ ಇಲ್ಲವೋ?" ಅಂತ ಕೇಳಿದರು. ಅಪ್ಪನಿಗೆ ಹರ್ನಿಯಾ, ಸಿಟ್ಟು ಬಂದರೂ ಜೋರಾಗಿ ಕೂಗುವ ಹಾಗಿಲ್ಲ. ಸುಮ್ಮನೆ ಕೆಂಪಗಾದರು. ಏಪ್ರಿಲ್ ಕೊನೆಯೊಳಗೆ ತಮ್ಮ ಒಪ್ಪಿಗೆ ಬಾರದಿದ್ದರೆ ಲಂಬೋಕಳನ್ನು ಬೇರೆ ಕಡೆ ಕೊಡುತ್ತಾರಂತೆ.

ವಿಮಾನದ ನಾತ ಒಂದು ದಿನದ್ದು. ಇದು ಅಣ್ಣನ ಜೀವಮಾನದ್ದು.

ಅಮ್ಮನ ಸೊಂಟನೋವು ಹಾಗೇ ಇದೆ.

ಜೊಂಗಿ


ಮೆರೌಕೆ
9 ಏಪ್ರಿಲ್ 1993

ಜೊಂಗಿ,

ನಿನಗೆ ಬುದ್ಧಿ ಇಲ್ಲವೋ, ಇದ್ದೂ ಇಲ್ಲದ ಹಾಗೆ ಆಡುತ್ತೀಯೋ? ಎರಡು ಪತ್ರ ಬರೆದೆ, ಎರಡರಲ್ಲೂ ವಿಮಾನ, ಗಂಟೆ, ಕಿಲೋಮೀಟರು. ನಾನು ಇಲ್ಲಿ ಏನನ್ನು ಕಂಡು ಹೇಸುತ್ತಿದ್ದೇನೆ ಅಂತ ನಿಮ್ಮ ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲವೇ?

ಮುದ್ರಿಸಿದ ಕಾರ್ಡು! ಬಂಗಾರದ ಬಣ್ಣದ ಎರಡು ಪಾರಿವಾಳ, ಕೆಳಗೆ 'ತಮ್ಮ ಆಗಮನವನ್ನು ಕೋರುವ'. ನನ್ನ ಹೆಸರನ್ನು ಯಾರೋ ಬಾಲ್‌ಪೆನ್ನಿನಲ್ಲಿ ತುಂಬಿದ್ದಾರೆ. ಹಲ್ಲು ಕೀಳುವ ಡಾಕ್ಟರಿಗೂ ಇದೇ ಕಾರ್ಡು ಹೋಗಿದೆ, ಅಲ್ಲವೇ? ಸೋದರಮಾವನಿಗೆ! ನಿನ್ನ ಅಮ್ಮ ಹೆಗಲ ಮೇಲೆ ಹೊತ್ತು ಶಾಲೆಗೆ ಕರೆದೊಯ್ದ ತಮ್ಮನಿಗೆ! ಅಂಚೆಯವನು ಅಂಗಡಿಯಲ್ಲಿ ಟ್ಯೂಬುಗಳ ನಡುವೆ ಎಸೆದು ಹೋದ. ನನ್ನ ಮಗಳು ರೊತುವಾ ಅದರ ಮೇಲೆ ಬಿದ್ದ ಎಣ್ಣೆ ಒರೆಸಿ ಓದಿದಳು.

ಹೌದು, ರೊತುವಾ. ತುಂಪಾಲ್ ಹುಟ್ಟಿದ ದಿನವೇ ನಿನ್ನ ಅಜ್ಜಿ "ನನ್ನ ಮೊಮ್ಮಗಳು ಇವನಿಗೆ" ಅಂದಿದ್ದಳು. ಸೋದರಮಾವನ ಮಗಳನ್ನು ಬಿಟ್ಟು ಬೇರೆ ಹುಡುಗಿ ಬೇಕಾದರೆ ಆಗಲಿ, ಕಾಲ ಬದಲಾಗಿದೆ, ನಾನೇನು ಕತ್ತಿ ಹಿಡಿದು ಬರೋಲ್ಲ. ಆದರೆ ಹಂದಿ ಕಡಿದು, ಅದರ ತಲೆ ಬೇಯಿಸಿ ಹೊತ್ತು ತಂದು ಮಾವನ ಮುಂದೆ ಇಟ್ಟು, "ಮಾವ, ಇವಳನ್ನು ನಿಮ್ಮ ಮಗಳೆಂದು ತಿಳಿದು ಹರಸಿ" ಅಂತ ಕೇಳಬೇಕು. ನಮ್ಮಲ್ಲಿ ಹಾದಿಯಲ್ಲಿ ಹೋಗುವ ನಾಯಿಗೂ ಗೊತ್ತಿರುವ ಕ್ರಮ.

ನನಗೆ ವಾಂತಿ ಬರುವುದು ವಿಮಾನದಿಂದ ಅಲ್ಲ ಕಣೋ, ನಿಮ್ಮಿಂದ. ಇನ್ನು ಕಾಗದ ಬರೆಯಬೇಡ.

ಹುಮಾಲಾ


ಪಂಗುರುರಾನ್
20 ಏಪ್ರಿಲ್ 1993

ಮಾವ,

ಈ ಸಲ ಬಿರುದು ಬಾವಲಿ ಇಲ್ಲ.

ಪತ್ರ ಓದಿ ಅಮ್ಮ ಎದೆ ಬಡಿದುಕೊಂಡಳು. "ದೂರ ಅಂತ ಅಸಡ್ಡೆ ಮಾಡಿದ್ವಿ. ಕಾರ್ಡು ಸಾಕು ಅಂದುಕೊಂಡ್ವಿ. ನನ್ನ ತಮ್ಮನಿಗೆ ಹೀಗೆ ಮಾಡಿದ್ವಲ್ಲ!" ಅಪ್ಪ ಮೂರನೇ ದಿನ ಕೊಟ್ಟಿಗೆಗೆ ಹೋಗಿ, ಎಲ್ಲಕ್ಕಿಂತ ದೊಡ್ಡ ಕರಿ ಹಂದಿಯ ಬೆನ್ನು ತಟ್ಟಿ, "ಇದೇ" ಅಂದರು.

ಅಪ್ಪ ಹರ್ನಿಯಾ ಇಟ್ಟುಕೊಂಡು ವಿಮಾನ ಹತ್ತುವ ಹಾಗಿಲ್ಲ. ಅಮ್ಮನಿಗೆ ಸೊಂಟ. ಮದುಮಗ ಊರು ಬಿಡಬಾರದು. ಉಳಿದವನು ನಾನು. ಚಿಕ್ಕಪ್ಪಂದಿರು ಕೂತು ಮಾತಾಡಿ, ಅಪ್ಪನ ಬದಲು ಮಗ ಹೊತ್ತರೂ ಸಲ್ಲುತ್ತದೆ ಎಂದು ತೀರ್ಮಾನಿಸಿದರು. ಒಬ್ಬರಂತೂ ನನ್ನ ಮುಖ ನೋಡಿ, "ಇವನ ಕೈಲಿ ತಲೆ ಕೊಡ್ತೀರಾ?" ಅಂತ ಕೇಳಿದರು.

27ರ ಸಂಜೆ ಮೆದಾನ್ ಬಿಡುತ್ತೇನೆ. 28, ಬುಧವಾರ ಬೆಳಿಗ್ಗೆ ಮೆರೌಕೆ. ಅಮ್ಮ ತಲೆಯನ್ನು ಉಪ್ಪು, ಅರಿಸಿನ, ಅಂದಲಿಮಾನ್ ಕಾಳು ಹಾಕಿ ಬೇಯಿಸಿ, ಬಾಳೆಲೆ ಸುತ್ತಿ, ಬಟ್ಟೆ ಕಟ್ಟಿ, ಬೆತ್ತದ ಬುಟ್ಟಿಯಲ್ಲಿಡುತ್ತಾಳಂತೆ. "ಒಂದು ದಿನ ತಡೆಯುತ್ತೆ, ಅದಕ್ಕಿಂತ ಹೆಚ್ಚು ತಡೆಯೋಲ್ಲ. ಎಷ್ಟು ಹೊತ್ತಿನ ದಾರಿ?" ಅಂತ ಕೇಳಿದಳು. ಹದಿಮೂರು ಗಂಟೆ ಅಂದೆ.

ಬಾಗಿಲು ಹಾಕಿಕೊಳ್ಳಬೇಡಿ.

ಜೊಂಗಿ


ಸೆಂತಾನಿ ವಿಮಾನ ನಿಲ್ದಾಣ
28 ಏಪ್ರಿಲ್ 1993

ಮಾವ,

ನಾನು ಇಲ್ಲೇ ಇದ್ದೇನೆ. ಮೆರೌಕೆಗೆ ಒಂದೇ ಒಂದು ಹಾರಾಟ ಬಾಕಿ. ಆ ವಿಮಾನ ನನ್ನನ್ನು ಬಿಟ್ಟು ಹೋಯಿತು.

ಮೆರೌಕೆ ವಿಮಾನ ಒಂಬತ್ತಕ್ಕೆ. ನಾನು ಇಳಿದಾಗ ನನ್ನ ಗಡಿಯಾರದಲ್ಲಿ ಐದು. ನಾಲ್ಕು ಗಂಟೆ ಹೊತ್ತಿದೆಯಲ್ಲ ಅಂತ ಪಕ್ಕದ ಸರೋವರದ ಕಡೆ ನಡೆದೆ, ಮುಖ ತೊಳೆದೆ, ಸುಟ್ಟ ಮೀನು ತಿಂದೆ. ಏಳು ಗಂಟೆಗೆ ತಲೆಯ ಮೇಲೆ ಒಂದು ವಿಮಾನ ಹಾರಿತು. ಪಾಪ ಯಾರೋ ಎಲ್ಲಿಗೋ ಹೋಗುತ್ತಿದ್ದಾರೆ ಅಂತ ಕೈ ಬೀಸಿದೆ. ಅದೇ ನನ್ನ ವಿಮಾನ.

ಕೌಂಟರಿನಲ್ಲಿದ್ದವನು ನನ್ನ ಗಡಿಯಾರ ನೋಡಿ, "ತಮ್ಮಾ, ಇದು ನಿಮ್ಮೂರಿನ ಹೊತ್ತು. ಇಲ್ಲಿ ಎರಡು ಗಂಟೆ ಮುಂದೆ" ಅಂದ. ನಮ್ಮ ದೇಶಕ್ಕೆ ಮೂರು ಕಾಲವಲಯ ಅಂತ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಅದು ಕೈಗೆ ಕಟ್ಟಿಕೊಳ್ಳುವ ವಿಷಯ ಅಂತ ಯಾರೂ ಹೇಳಿರಲಿಲ್ಲ. ನೀವು ಹೇಳಿದ್ದೇ ಸರಿ. ಹದಿನೈದು ಗಂಟೆ. ನಿಮ್ಮ ಗಡಿಯಾರದ ಕ್ಷಮೆ ಕೇಳುತ್ತೇನೆ.

ಮುಂದಿನ ವಿಮಾನ ಶುಕ್ರವಾರ.

ತಲೆಯ ಸ್ಥಿತಿ ಬರೆಯಲೇಬೇಕು. ಜಕಾರ್ತಾ ದಾಟುವಾಗಲೇ ಬುಟ್ಟಿ ಉಸಿರಾಡಲು ಶುರು ಮಾಡಿತ್ತು. ಪಕ್ಕದ ಸೀಟಿನ ಸೂಟುಧಾರಿ, "ಏನೋ ವಾಸನೆ ಬರ್ತಿದೆ ಅಲ್ವಾ?" ಅಂದರು. "ನನ್ನ ಕಾಲು ಸ್ವಾಮಿ, ಕಾಯಿಲೆ" ಅಂದೆ. ನಂಬಲಿ ಅಂತ ಬೂಟನ್ನೂ ಬಿಚ್ಚಿದೆ. ಅವರು ಎದ್ದು ಹೋಗಿ ಬಿಯಾಕ್‌ವರೆಗೆ ಕಕ್ಕಸಿನ ಬಾಗಿಲಲ್ಲೇ ನಿಂತರು. ಈಗ ಮಧ್ಯಾಹ್ನ. ಬಟ್ಟೆಯಿಂದ ಹಳದಿ ನೀರು ಜಿನುಗುತ್ತಿದೆ. ಬಾಳೆಲೆ ಲೋಳೆಯಾಗಿದೆ. ಹಂದಿಯ ಒಂದು ಕಣ್ಣು ತೆರೆದುಕೊಂಡಿದೆ, ನನ್ನನ್ನೇ ನೋಡುತ್ತಿದೆ, ಸಿಲಲಾಹಿ ಯಜಮಾನರ ಹಾಗೆ. ನೊಣಗಳು ಸಭೆ ಸೇರಿವೆ. ವಸತಿಗೃಹದ ಹೆಂಗಸು, "ಅದು ಒಳಗೆ ಬಂದ್ರೆ ನೀನು ಹೊರಗೆ" ಅಂದಳು.

ಮಿಷನ್ನಿನ ಚಿಕ್ಕ ವಿಮಾನವೊಂದು ನಾಳೆ ಮೆರೌಕೆಗೆ ಹೋಗುತ್ತದೆ. ಕಾಲಿಗೆ ಬಿದ್ದೆ. ಪೈಲಟ್ ಬುಟ್ಟಿಯ ಹತ್ತಿರ ಬಂದು, ಬಗ್ಗಿ, ಹಾಗೇ ಹಿಂದೆ ಸರಿದು ಹುಲ್ಲಿನ ಮೇಲೆ ಕೂತುಬಿಟ್ಟ. ಕಾಗದ ಮಾತ್ರ ಒಯ್ಯುತ್ತಾನಂತೆ.

ಎರಡು ದಿನ ಇದನ್ನು ಕಾಯುತ್ತೇನೆ. ನನ್ನ ಜನ್ಮದಲ್ಲಿ ಇಷ್ಟು ಹೇಸಿಗೆಯನ್ನು ನೋಡಿಲ್ಲ, ತಬ್ಬಿಕೊಂಡಂತೂ ಇಲ್ಲವೇ ಇಲ್ಲ.

ಜೊಂಗಿ


ಮೆರೌಕೆ
5 ಮೇ 1993

ಪ್ರೀತಿಯ ಅಳಿಯ,

ನೀನು ಇಲ್ಲಿಂದ ಹೊರಟು ಮೂರು ದಿನವಾಯಿತು. ಮನೆಯ ಕಿಟಕಿಗಳನ್ನು ಇನ್ನೂ ಮುಚ್ಚಿಲ್ಲ. ಮುಚ್ಚುವ ಹಾಗಿಲ್ಲ.

ನೀನಿದ್ದಾಗ ನಾನು ಹೆಚ್ಚು ಮಾತಾಡಲಿಲ್ಲ. ನನಗೆ ಬಾಯಲ್ಲಿ ಬರೋಲ್ಲ. ಶುಕ್ರವಾರ ನೀನು ಬುಟ್ಟಿ ತಬ್ಬಿಕೊಂಡು ಇಳಿದಾಗ ನಿಲ್ದಾಣದ ಜನ ನಿನಗೆ ದಾರಿ ಬಿಟ್ಟಿದ್ದು ಗೌರವಕ್ಕೆ ಅಂದುಕೊಂಡೆ, ಆಮೇಲೆ ಗಾಳಿ ನನ್ನ ಕಡೆ ಬೀಸಿತು. ಮನೆಯಲ್ಲಿ ಬಟ್ಟೆ ಬಿಚ್ಚಿದ ಕೂಡಲೇ ಹೆಂಡತಿ ಹೊರಗೆ ಓಡಿದಳು. ಪಕ್ಕದ ಮನೆಯವರು, "ಯಾರು ತೀರಿಕೊಂಡರು?" ಅಂತ ಕೇಳಿಕೊಂಡು ಬಂದರು. ನಾನು ಹಿತ್ತಿಲಿಗೆ ಹೋಗಿ ಎರಡು ಸಲ ವಾಂತಿ ಮಾಡಿ ಬಾಯಿ ತೊಳೆದು ಬಂದೆ. ನಿನಗೆ ಗೊತ್ತಾಗಲಿಲ್ಲ ಅಂದುಕೊಂಡಿದ್ದೇನೆ.

ಆದರೆ ನೀನು ಆ ತಟ್ಟೆಯ ಮುಂದೆ ಮಂಡಿಯೂರಿ, ಕಣ್ಣಲ್ಲಿ ನೀರು ಸುರಿಸುತ್ತಾ, "ಮಾವ, ಲಂಬೋಕಳನ್ನು ನಿಮ್ಮ ಮಗಳೆಂದು ತಿಳಿಯಿರಿ" ಅಂದೆಯಲ್ಲ, ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ನಾಲ್ಕು ಸಾವಿರದ ಎಂಟುನೂರು ಕಿಲೋಮೀಟರು, ಮೂರು ಹಗಲು. ಯಾರಾದರೂ ದಾರಿಯಲ್ಲಿ ಎಸೆದುಬಿಡುತ್ತಿದ್ದರು. ನಾನಾದರೂ ಎಸೆಯುತ್ತಿದ್ದೆ. ನೀನು ಎಸೆಯಲಿಲ್ಲ. ಕೆಡದ ಹಾಗೆ ತಂದಿದ್ದರೆ ನನಗೆ ಇಷ್ಟು ಮನಸ್ಸು ಕರಗುತ್ತಿರಲಿಲ್ಲ. ಆ ನಾತವೇ ನನಗೆ ಗೌರವ. ಮೂಗು ಹಿಡಿದೇ ಕಿವಿಯ ತುದಿ ಕತ್ತರಿಸಿ ಬಾಯಿಗೆ ಹಾಕಿಕೊಂಡೆ.

ಇನ್ನೊಂದು. ನೀನು ಹೋದ ಮೇಲೆ ರೊತುವಾಳ ಹತ್ತಿರ, "ತುಂಪಾಲ್ ವಿಷಯ ಮನಸ್ಸಿಗೆ ಹಚ್ಚಿಕೋಬೇಡಮ್ಮಾ" ಅಂದೆ. ಅವಳು ಹೊಟ್ಟೆ ಹಿಡಿದು ನಕ್ಕಳು. "ಅಪ್ಪಾ, ನೀವು ಇಷ್ಟು ದಿನ ಸಿಟ್ಟು ಮಾಡ್ಕೊಂಡಿದ್ದು ನನಗೋಸ್ಕರವಾ? ಆ ಗೊಣ್ಣೆ ತುಂಪಾಲನ್ನ ನಾನು ಮದುವೆ ಆಗ್ತಿದ್ನಾ? ನಾವೂ ಊರಲ್ಲಿದ್ದಾಗ, ಚಿಕ್ಕವನು, ಶಾಲೇಲಿ ಮೂಗಿನಿಂದ ತೆಗೆದು ಬೆಂಚಿನ ಕೆಳಗೆ ಅಂಟಿಸ್ತಿದ್ದ!" ಅಂದಳು. ಮೂರು ತಿಂಗಳು ನಾನೊಬ್ಬನೇ ಕುದಿದೆ.

19ಕ್ಕೆ ಹೊರಡುತ್ತೇನೆ. ಉಲೋಸ್ ತೆಗೆದಿಟ್ಟಿದ್ದೇನೆ, ಅವ್ವನದು. ವಿಮಾನದಲ್ಲಿ ಯಾರು ಏನೇ ಉಗಿಯಲಿ, ಕತ್ತರಿಸಲಿ, ಕಾರಲಿ, ಕೂತು ಬರುತ್ತೇನೆ.

ನಿನ್ನ ಮಾವ,
ಹುಮಾಲಾ


ಪಂಗುರುರಾನ್
9 ಜೂನ್ 1993

ಪೂಜ್ಯ ಮಾವನವರಿಗೆ,

ಸುಖವಾಗಿ ತಲುಪಿದ ಸುದ್ದಿ ಬಂತು. ಹೋಗುವಾಗಲೂ ಹದಿನೈದು ಗಂಟೆಯೇ ಹಿಡಿಯಿತೆಂದೂ, ಈ ಸಲ ಮುಂದಿನ ಸೀಟಿನವನು ಕೂದಲಿನ ಹೊಟ್ಟನ್ನು ನಿಮ್ಮ ಅನ್ನದ ಮೇಲೆ ಕೊಡವಿದನೆಂದೂ ತಿಳಿದು ಮನೆಮಂದಿಯೆಲ್ಲ ಮರುಗಿದೆವು.

ಲಂಬೋಕ್ ಅತ್ತಿಗೆ ಮನೆ ತುಂಬಿದ್ದಾಳೆ. ಅಣ್ಣ ಈಗ ತನ್ನ ಪಾಲು ತಾನೇ ತಿನ್ನುತ್ತಾನೆ, ನಾನು ಸೊರಗುತ್ತಿದ್ದೇನೆ. ನೀವು ಇಬ್ಬರಿಗೂ ಅಜ್ಜಿಯ ಉಲೋಸ್ ಹೊದಿಸಿದಾಗ ಸಿಲಲಾಹಿ ಯಜಮಾನರೇ ಮೊದಲು ಅತ್ತರು. ಅಮ್ಮ ನಿಮ್ಮ ಕೈ ಹಿಡಿದುಕೊಂಡವಳು ಊಟದವರೆಗೆ ಬಿಡಲಿಲ್ಲ.

ಆದರೆ ಮಾವ, ಆಮೇಲೆ ನೀವು ಎದ್ದು ನಿಂತು ಮೈಕು ಹಿಡಿದಿರಲ್ಲ, ಅದು ಬೇಡವಾಗಿತ್ತು. "ಈ ಹುಡುಗ ಕೊಳೆತ ತಲೆಯನ್ನು ನಾಲ್ಕು ಸಾವಿರದ ಎಂಟುನೂರು ಕಿಲೋಮೀಟರು ಎದೆಗಪ್ಪಿಕೊಂಡು ಬಂದ" ಅಂದಿರಿ. ನಾನೂರು ಜನ ನನ್ನ ಕಡೆ ತಿರುಗಿದರು. "ಇವನ ಕೈಲಿ ತಲೆ ಕೊಡ್ತೀರಾ?" ಅಂದಿದ್ದ ಚಿಕ್ಕಪ್ಪ ಬಂದು ನನ್ನ ಹಣೆಗೆ ಮುತ್ತಿಟ್ಟರು. ಮುಂದಿನ ಭಾನುವಾರ ಪಾದ್ರಿಗಳು ಅದನ್ನೇ ಉಪದೇಶದಲ್ಲಿ ಹೇಳಿದರು. ಈಗ ಈ ಊರಿನ ತಾಯಂದಿರು ಮಕ್ಕಳಿಗೆ, "ಜೊಂಗಿಯ ಹಾಗಾಗು" ಎನ್ನುತ್ತಿದ್ದಾರೆ. ನನ್ನ ಗೆಳೆಯರಿಗೆ ನನ್ನ ಮುಖ ಕಂಡರೆ ವಾಕರಿಕೆ. ನನಗೂ ಕನ್ನಡಿ ನೋಡಿದರೆ ಅದೇ.

ಹಾಗಾಗಿ ನಿಮಗೊಬ್ಬರಿಗೇ ಹೇಳುತ್ತೇನೆ, ಇದನ್ನು ಓದಿದ ಮೇಲೆ ಹರಿದು ನಿಮ್ಮ ರಬ್ಬರು ಒಲೆಗೆ ಹಾಕಿ. ಸೆಂತಾನಿಯಲ್ಲಿ ಗುರುವಾರ ಮಧ್ಯಾಹ್ನ ಅದರ ಮೂಗಿನಿಂದ ಹುಳ ಹೊರಬಂದಿತು. ನಾನು ಬಟ್ಟೆ ಬಿಚ್ಚಿ ಪಕ್ಕಕ್ಕಿಟ್ಟು, ಬುಟ್ಟಿಯ ಬಾಯನ್ನು ಸರೋವರದ ಕಡೆ ತಿರುಗಿಸಿ, ಕಣ್ಣು ಮುಚ್ಚಿ, ಅಲ್ಲಾಡಿಸಿದೆ. ಮಾರನೆಯ ಬೆಳಿಗ್ಗೆ ಅಲ್ಲಿನ ಸಂತೆಯಲ್ಲಿ ಆಗತಾನೇ ಕಡಿದ ತಲೆಯೊಂದು ಸಿಕ್ಕಿತು. ಮೀನಂಗಡಿಯ ಹೆಂಗಸು ಬೇಯಿಸಿಕೊಟ್ಟಳು. ಸುತ್ತಲು ಬೇರೆ ಬಟ್ಟೆ ಇರಲಿಲ್ಲ, ಇಡಲು ಬೇರೆ ಬುಟ್ಟಿಯೂ ಇರಲಿಲ್ಲ. ನೀವು ಕಿವಿ ತಿಂದ ಆ ತಲೆ ವಿಮಾನದಲ್ಲಿ ಕೂತಿದ್ದು ಒಂದು ಗಂಟೆ ಹತ್ತು ನಿಮಿಷ, ಅಷ್ಟೇ. ಮೆದಾನ್‌ನಿಂದ ಬಂದದ್ದು ನಾತ ಮಾತ್ರ.

ಜೊಂಗಿ